ಒಲೆ ಕಾಯುವ ಮಾವನವರು

ನಮ್ಮ ಮಾವನವರು ಜಿಪುಣರೆಂದು ನಾನು ಯಾರ ಮುಂದೆಯೂ ಹೇಳಿದವಳಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ಹುಣಸೂರಿನವರೆಲ್ಲ ನನಗಿಂತ ಮೊದಲೇ ಹೇಳಿ ಮುಗಿಸಿದ್ದರು! ಆದರೆ ಅದು ಪೂರಾ ನಿಜವಲ್ಲ. ಊಟಕ್ಕೆ ಕೂತವರಿಗೆ ತುಪ್ಪ ಬಡಿಸುವಾಗ ಅವರ ಕೈ ಎಂದೂ ತಡೆಯಲಿಲ್ಲ. ಜಂಗಮರು ಬಾಗಿಲಿಗೆ ಬಂದರೆ ಮೊರದ ತುಂಬ ರಾಗಿ. ಅವರ ಜೀವ ಹಿಂಡುತ್ತಿದ್ದುದು ಬೆಂಕಿಯೊಂದೇ. ಯಾರ ಮನೆಯದೇ ಆಗಲಿ, ಮೇಲೆ ಪಾತ್ರೆಯಿಲ್ಲದೆ ಒಲೆ ಉರಿಯುತ್ತಿದ್ದರೆ ಆ ಉರಿ ಇವರ ಹೊಟ್ಟೆಗೇ ಹತ್ತುತ್ತಿತ್ತು.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ಕೃಷ್ಣರಾಜನಗರದಿಂದ ಆ ಮನೆಗೆ ಸೊಸೆಯಾಗಿ ಬಂದೆ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇದ್ದವರು ಮಾವನವರು, ನಮ್ಮ ಯಜಮಾನರು, ನಾನು. ಮಾವನವರಿಗೆ ಪೇಟೆಯಲ್ಲಿ ದವಸದ ಅಂಗಡಿ, ಗುರುಪುರದ ಕಡೆ ಒಂದಿಷ್ಟು ಹೊಲ. ವೀರನಹೊಸಹಳ್ಳಿ ಕಡೆಯಿಂದ ಸೌದೆ ಗಾಡಿ ಬಂದ ದಿನ ಮಾತ್ರ ಅವರು ಅಂಗಡಿಯ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಒಂದೊಂದು ಕೊರಡನ್ನೂ ತಿರುವಿ ತಿರುವಿ ನೋಡುತ್ತಿದ್ದರು. ಹೆಣ್ಣು ನೋಡಲು ಬಂದಾಗ ನನ್ನನ್ನು ಅದರ ಕಾಲುಭಾಗದಷ್ಟು ಹೊತ್ತೂ ನೋಡಿರಲಿಲ್ಲ!

ಬಂದ ಮರುದಿನ ಬೆಳಿಗ್ಗೆ ಸ್ನಾನದ ನೀರಿಗೆ ಉರಿ ಹಾಕೋಣವೆಂದು ಬಚ್ಚಲಿಗೆ ಹೋದರೆ ಒಲೆಯಲ್ಲಿ ಬೂದಿಯೂ ಇಲ್ಲ, ಮೇಲೆ ಹಂಡೆಯೂ ಇಲ್ಲ. ಹಂಡೆ ಹಿತ್ತಲಿನ ಚಪ್ಪಡಿ ಕಲ್ಲಿನ ಮೇಲೆ ಮೈಗೆಲ್ಲ ಮಸಿ ಬಳಿದುಕೊಂಡು ಬಿಸಿಲು ಕಾಯುತ್ತಿತ್ತು. ಯುಗಾದಿ ಕಳೆದು ಮಳೆ ಹಿಡಿಯುವ ತನಕ ಆ ಮನೆಯಲ್ಲಿ ಸ್ನಾನ ಮಧ್ಯಾಹ್ನಕ್ಕೆ, ನೀರು ಕುದಿಯುವಷ್ಟಾದ ಮೇಲೆ. ನೆತ್ತಿ ಸುಡುವ ಬಿಸಿಲಿನಲ್ಲಿ ಬಿಸಿನೀರು ಯಾರಿಗೆ ಬೇಕಿತ್ತು, ನೀವೇ ಹೇಳಿ? ತಣ್ಣೀರು ಸೇದಿಕೊಳ್ಳುತ್ತೇನೆ ಮಾವ ಎಂದೆ. ಅವರು ನೊಂದುಕೊಂಡರು.

"ಸೂರ್ಯನಾರಾಯಣ ಕೂತು ಕಾಯ್ಸಿ ಕೊಟ್ಟವ್ನೆ. ಬ್ಯಾಡ ಅಂದ್ರೆ ಅವ್ನೇನ್ ಅಂದ್ಕತಾನೆ ಕಣವ್ವ?"

ಸೂರ್ಯನ ಮರ್ಯಾದೆ ಉಳಿಸಲು ಆ ಬೇಸಿಗೆಯಿಡೀ ನಾನು ಬೆಂದೆ.

ಮಳೆಗಾಲದಲ್ಲಿ ಬೇರೆ ವರಸೆ. ಬೆಂಕಿಕಡ್ಡಿ ಗೀರುವುದೆಂದರೆ ಅವರಿಗೆ ಸೋತಂತೆ. ಬೆಳಗಾದರೆ ಜಗಲಿಗೆ ಬಂದು, ಬೀದಿಯಲ್ಲಿ ಯಾರ ಹೆಂಚಿನ ಸಂದಿಯಿಂದ ಮೊದಲು ಹೊಗೆ ಏಳುತ್ತದೆಂದು ನೋಡಿ, ತೆಂಗಿನ ಚಿಪ್ಪು ಹಿಡಿದು ಅಲ್ಲಿಗೆ ಹೊರಡುತ್ತಿದ್ದರು. ಒಂದು ಕೆಂಡ ತಂದರೆ ನಮ್ಮ ಒಲೆ ಹತ್ತಿತು. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ಎದುರುಮನೆಯ ಅಜ್ಜಿ. ಅವರೇನು ಕಡಿಮೆಯವರೇ? ಒಂದು ಬೆಳಿಗ್ಗೆ ಜಡಿಮಳೆ, ಎಷ್ಟು ಹೊತ್ತಾದರೂ ಬೀದಿಯಲ್ಲಿ ಹೊಗೆಯೇ ಇಲ್ಲ. ನಾನು ಬಾಗಿಲಿಗೆ ಬಂದು ನೋಡಿದರೆ ಈ ಜಗಲಿಯ ಮೇಲೆ ಚಿಪ್ಪು ಹಿಡಿದು ಮಾವನವರು, ಆ ಜಗಲಿಯ ಮೇಲೆ ಚಿಪ್ಪು ಹಿಡಿದು ಅಜ್ಜಿ.

"ಇನ್ನೂ ಒಲೆ ಹತ್ಸಿಲ್ವಾ ಅಜ್ಜಿ?" ಎಂದರು ಮಾವನವರು.

"ನೀವ್ ಹತ್ಸ್ಲಿ ಅಂತ ಕಾಯ್ತಾ ಇವ್ನಿ ಕಣಪ್ಪ," ಎಂದರು ಅಜ್ಜಿ.

ಯಜಮಾನರು ಕಾಫಿಯಿಲ್ಲದೆ ಮುಖ ಊದಿಸಿಕೊಂಡು ಕೂತಿದ್ದರು. ನಾನು ಒಳಗೆ ಹೋಗಿ, ದೇವರ ಮುಂದಿದ್ದ ಬೆಂಕಿಪೊಟ್ಟಣ ತೆಗೆದು ಸದ್ದಿಲ್ಲದೆ ಕಡ್ಡಿ ಗೀರಿದೆ. ಹೊಗೆ ಕಂಡ ಅಜ್ಜಿ ಸೆರಗು ಹೊದ್ದು ಓಡಿಬಂದು ದೊಡ್ಡದೊಂದು ಕೆಂಡವನ್ನೇ ಒಯ್ದರು. ಅವತ್ತು ಮಾವನವರಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಚಳಿಗಾಲದಲ್ಲಿ ಸೀಮೆಎಣ್ಣೆಯ ಸರದಿ. ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕು, ಆಮೇಲೆ ಎಲ್ಲರೂ ಆರದ ಒಲೆಯ ಸುತ್ತ ಕೂತು ಮೈ ಕಾಯಿಸಿಕೊಂಡು ಹಾಸಿಗೆಗೆ. ಒಮ್ಮೆ ನಮ್ಮಪ್ಪ ನನ್ನನ್ನು ನೋಡಲು ಬಂದರು. ಹೊತ್ತು ಇನ್ನೂ ಮುಳುಗಿರಲಿಲ್ಲ, ಮಾವನವರು ಎಲೆ ಹಾಕಿಸಿದರು. ಅಪ್ಪ ಇದು ಸಂಜೆಯ ತಿಂಡಿ ಇರಬೇಕೆಂದುಕೊಂಡು, ರಾತ್ರಿ ಊಟಕ್ಕೆ ಜಾಗ ಬಿಟ್ಟು ಶಾಸ್ತ್ರಕ್ಕೆ ಎರಡು ತುತ್ತು ತಿಂದು ಎದ್ದರು. ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು: "ನಿಮ್ಮ ಮಾವ ರಾತ್ರಿ ಉಪವಾಸದ ವ್ರತ ಏನಾರ ಹಿಡ್ದವ್ರೇನವ್ವ?"

"ಉಪವಾಸ ಲಾಟೀನಿಗೆ ಕಣಪ್ಪ," ಎಂದೆ.

ಮುಂದಿನ ಬೇಸಿಗೆಗೆ ನಮ್ಮ ಬೀದಿಗೆ ಕರೆಂಟು ಬಂತು. ಮಾವನವರು ಬಹಳ ಯೋಚಿಸಿ ಒಂದೇ ಒಂದು ಬಲ್ಬಿಗೆ ಒಪ್ಪಿದರು. ಅದನ್ನು ನಡುಮನೆಯಲ್ಲಿ ಹಾಕುವುದೋ ಅಡಿಗೆಮನೆಯಲ್ಲೋ? ಎರಡರ ನಡುವಿನ ಗೋಡೆಯನ್ನೇ ಮೇಲುಗಡೆ ಕೊರೆಸಿ, ಆ ಕಿಂಡಿಯಲ್ಲಿ ಬಲ್ಬು ತೂಗಿಸಿದರು! ಒಂದು ದೀಪ, ಎರಡು ಕೋಣೆ. ಬೀದಿಯವರೆಲ್ಲ ಬಂದು ನೋಡಿ ತಲೆದೂಗಿದರು. ಪಕ್ಕದ ಮನೆಯ ಬೆಕ್ಕೂ ಬಂದು ನೋಡಿತು. ನಾನು ಅಡಿಗೆಮನೆಯ ಬಾಗಿಲು ಎಷ್ಟೇ ಭದ್ರ ಮಾಡಿದರೂ ಅದು ನಡುಮನೆಯ ಕಪಾಟು ಹತ್ತಿ, ಕಿಂಡಿಯಲ್ಲಿ ನುಸುಳಿ, ದೀಪದ ಬೆಳಕಿನಲ್ಲಿ ನಿಧಾನವಾಗಿ ಹಾಲು ಕುಡಿದು ಹೋಗುತ್ತಿತ್ತು.

ಆ ವರ್ಷ ಆಷಾಢದಲ್ಲಿ ನಾನು ತುಂಬಿದ ಬಸುರಿ. ತವರಿಗೆ ಹೊರಡಲು ಗಂಟುಮೂಟೆ ಕಟ್ಟಿದ್ದೆ. ಲಕ್ಷ್ಮಣತೀರ್ಥ ಉಕ್ಕಿ ಹರಿಯುತ್ತಿತ್ತು, ಮಳೆ ಇಳಿಯಲಿ ಎಂದು ಕಾಯುವಷ್ಟರಲ್ಲಿ ದಿನ ತುಂಬುವ ಮೊದಲೇ ನೋವು ಬಂತು. ಹೆಣ್ಣುಮಗು. ಅಂಗೈಯಗಲದ ಜೀವ, ಅಳುವುದಕ್ಕೂ ಶಕ್ತಿಯಿಲ್ಲ. ಸೂಲಗಿತ್ತಿ ಅದನ್ನು ಹಳೆ ಸೀರೆಯಲ್ಲಿ ಸುತ್ತಿ, ಕೂಸಿನ ಮೈ ತಣ್ಣಗಾದರೆ ಉಳಿಯುವುದಿಲ್ಲ, ಕೋಣೆ ಬೆಚ್ಚಗಿರಬೇಕು, ಆದರೆ ಹೊಗೆ ಆಡಬಾರದು ಎಂದಳು. ಮಳೆಯ ಇರಚಲಿಗೆ ಮನೆಯ ಸೌದೆಯೆಲ್ಲ ನೆನೆದು, ಹಚ್ಚಿದರೆ ಬರೀ ಹೊಗೆ.

ಸ್ವಲ್ಪ ಹೊತ್ತಿಗೆ ಹಿಂದಿನ ಕೊಟ್ಟಿಗೆಯಿಂದ ಕೊಡಲಿ ಸದ್ದು ಕೇಳಿಸಿತು. ನೋಡಲು ಹೋದ ಯಜಮಾನರ ದನಿ ಗೋಡೆಯಾಚೆಯಿಂದ ಬಂತು: "ಅಪ್ಪಾ, ನಿಮ್ ಮಂಚ ಒಡ್ದಾಕ್ಬುಟ್ರಾ?"

ಹೊನ್ನೆ ಮರದ ಮಂಚ ಅದು. ಅತ್ತೆ ಮದುವೆಯಾಗಿ ಬರುವಾಗ ತವರಿಂದ ತಂದದ್ದು.

"ನೆಲ ಅದ್ಯಲ್ಲ ಮನಗಾಕೆ," ಎಂದರು ಮಾವನವರು. "ಕೂಸ್ಗೆ ಏನದೆ?"

ಮಂಚವನ್ನು ಕೊಟ್ಟಿಗೆಯಲ್ಲಿ ಉರಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾದ ಮೇಲೆ ಅಗ್ಗಿಷ್ಟಿಕೆಗೆ ತುಂಬಿ ತಾವೇ ಒಳಗೆ ತಂದಿಟ್ಟರು. ಮಂಚ ಮುಗಿದ ಮೇಲೆ ಅಂಗಡಿಯ ಗಲ್ಲದ ಪೆಟ್ಟಿಗೆ, ಆಮೇಲೆ ತಾವು ಕೂರುತ್ತಿದ್ದ ಮಣೆ. ಮಳೆ ಬಿಡುವ ತನಕ ಆ ಕೋಣೆಯ ಬೆಂಕಿ ಆರಲಿಲ್ಲ. ಮಗು ಮೊದಲು ಕೈಕಾಲು ಬಡಿಯಿತು, ಆಮೇಲೆ ಹಾಲು ಹಿಡಿಯಿತು, ಕಡೆಗೊಂದು ದಿನ ಎದುರುಮನೆಗೆ ಕೇಳುವಂತೆ ಅತ್ತಿತು.

ಅದು ಇನ್ನೂ ಅಳದಿದ್ದ ದಿನಗಳ ಒಂದು ಮಧ್ಯಾಹ್ನ ನನಗೆ ಎಚ್ಚರವಾಯಿತು. ಮಾವನವರು ಅಗ್ಗಿಷ್ಟಿಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಅಂಗೈಯನ್ನು ಕೆಂಡಕ್ಕೆ ಹಿಡಿದು ಕಾಯಿಸಿ, ತಮ್ಮ ಕೆನ್ನೆಗೆ ಒತ್ತಿ ಬಿಸಿ ಹೆಚ್ಚಾಯಿತೇನೋ ಎಂದು ನೋಡಿ, ಮಗುವಿನ ಎರಡು ಪಾದಗಳನ್ನೂ ಆ ಅಂಗೈಯೊಳಗೆ ಮುಚ್ಚಿ ಹಿಡಿಯುತ್ತಿದ್ದರು. ಕೈ ಆರಿದರೆ ಮತ್ತೆ ಕೆಂಡದ ಕಡೆಗೆ.

"ಸಾಕು ಮಾವ, ಕೋಣೆ ಬೆಚ್ಚಗದೆ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ.

"ಇನ್ನೊಂಚೂರು ಇರ್ಲಿ ಕಣವ್ವ," ಎಂದು ಮೆಲ್ಲಗೆ ಇನ್ನೊಂದು ಕೆಂಡ ಜೋಡಿಸಿದರು.