ಎರಡರಿಂದ ಎಂಟು ಡಿಗ್ರಿ

ಐಗಳಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಬೆಳಿಗ್ಗೆ ಹತ್ತೂಕಾಲಿಗೆ ಢಬ್ಬಂತ ಸುಟ್ಟಿತು. ಮಾರ್ಚ್ ತಿಂಗಳಲ್ಲಿ ಟಿಸಿ ಸುಡುವುದು ದೊಡ್ಡ ಸುದ್ದಿಯೇನಲ್ಲ. ಓಣಿಯವರು ಫ್ಯಾನು ನಿಂತಿತಂತ ಬೈದುಕೊಂಡು ಕಟ್ಟೆಗೆ ಬಂದು ಕೂತರು. ಹಿಟ್ಟಿನ ಗಿರಣಿಯ ಹುಸೇನಮಿಯಾ ಮಾತ್ರ ಅರ್ಧ ಬೀಸಿದ ಜೋಳವನ್ನು ಹಾಗೇ ಬಿಟ್ಟು, ಮೈತುಂಬ ಹಿಟ್ಟು ಹೊತ್ತು ಮನೆಯೊಳಗೆ ಓಡಿ ಫ್ರಿಜ್ಜಿನ ಮುಂದೆ ನಿಂತ.

ಫ್ರಿಜ್ಜಿನಲ್ಲಿ ಒಂದು ಬಟ್ಟಲು ಮೊಸರು, ನಿನ್ನೆಯ ಸಾರು ಮತ್ತು ಒಂದು ಇಂಜೆಕ್ಷನ್ ಇದ್ದವು. ಮೊಸರು, ಸಾರು ಕೆಟ್ಟರೆ ಚೆಲ್ಲಬಹುದಿತ್ತು.

ಹುಸೇನಮಿಯಾನಿಗೆ ಸೋರಿಯಾಸಿಸ್ ಶುರುವಾಗಿ ಹದಿನಾಲ್ಕು ವರ್ಷ. ಮೊಣಕೈ, ಮೊಣಕಾಲು, ಬೆನ್ನು, ತಲೆ, ಎಲ್ಲಾ ಕಡೆ ಕೆಂಪು ಕಲೆ, ಅದರ ಮೇಲೆ ಬಿಳಿ ಹೊಟ್ಟು. ಗಿರಣಿಯವನಾದ್ದರಿಂದ ಮೊದಲ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮೈಯಿಂದ ಉದುರಿದ್ದೆಲ್ಲ ಹಿಟ್ಟು ಅಂತಲೇ ನಡೆಯಿತು. ಗೊತ್ತಾದ ಮೇಲೆ ಉಲ್ಟಾ ಆಯಿತು, ಹಿಟ್ಟು ಉದುರಿದರೂ ಜನ ಚರ್ಮ ಅಂದರು. ಇದು ಅಂಟುರೋಗವಲ್ಲ ಅಂತ ಮೂರು ಡಾಕ್ಟರುಗಳ ಚೀಟಿ ತಂದು ಗಿರಣಿ ಗೋಡೆಗೆ ಹಚ್ಚಿದ. ಜನ ನಿಂತು ಪೂರ್ತಿ ಓದಿದರು, ಆಮೇಲೆ ಡಬ್ಬಿ ಎತ್ತಿಕೊಂಡು ಮುಂದಿನ ಗಿರಣಿಗೆ ಹೋದರು.

ಊರಲ್ಲಿ ಅವನ ಮೈಯ ಬಗ್ಗೆ ನಿಜವಾದ ಕಾಳಜಿ ಇದ್ದವನೆಂದರೆ ತೋಟದ ಮನೆಯ ಲಗಮಣ್ಣ ಒಬ್ಬನೇ. ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಒಕ್ಕಲಿಗ, ಮಾತಿಗೆ ತೂಕವಿದ್ದ ಮನುಷ್ಯ. ಎರಡು ತಿಂಗಳಿಗೊಮ್ಮೆ ಹೊಸ ಔಷಧ ಹೇಳುತ್ತಿದ್ದ. ಬೇವಿನೆಣ್ಣೆ ಆಯಿತು, ಕತ್ತೆಯ ಹಾಲು ಆಯಿತು, ಯಡೂರ ಹೊಳೆಯ ಕರಿಮಣ್ಣು ಬಳಿದುಕೊಂಡು ಬಿಸಿಲಿಗೆ ಕೂಡುವುದೂ ಆಯಿತು. ಹೇಳಿ ಬಿಟ್ಟುಬಿಡುವವನೂ ಅಲ್ಲ, ವಾರಕ್ಕೊಮ್ಮೆ ಗಿರಣಿಗೆ ಬಂದು ಹುಸೇನಮಿಯಾನ ತೋಳು ಏರಿಸಿ, ಬೆಳಕಿಗೆ ಹಿಡಿದು, "ಕಡಿಮಿ ಆದಂಗ ಐತೇನ?" ಅಂತ ಕೇಳಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ಸ್ವಂತ ಅಣ್ಣ ತಮ್ಮಂದಿರೂ ಇಷ್ಟು ಮಾಡಲಿಕ್ಕಿಲ್ಲ ಅಂತ ಹುಸೇನಮಿಯಾ ಹೆಂಡತಿಗೆ ಹೇಳುತ್ತಿದ್ದ.

ಇಷ್ಟಾದ ಮೇಲೆ ಮಿರಜದ ಚರ್ಮದ ಡಾಕ್ಟರು ಸಿಕ್ಕರು. ಮುಲಾಮು, ಗುಳಿಗೆ ಎಲ್ಲಾ ನೋಡಿ, "ನಿಮಗ ಈಗಿನ ಹೊಸ ಇಂಜೆಕ್ಷನ್ನ ಬೇಕು," ಅಂದು ಒಂದು ಯಾದಿಯಲ್ಲಿ ಹೆಸರು ಬರೆದುಕೊಂಡಿದ್ದರು. ಯಾದಿಯಲ್ಲಿ ಅವನ ಸರದಿ ಬರಲು ಎರಡು ವರ್ಷ ಹಿಡಿಯಿತು. ನಿನ್ನೆ ಸಂಜೆ ಪೆನ್ನಿನಂಥ ಆ ಇಂಜೆಕ್ಷನ್ ಕೊಟ್ಟು ಹೇಳಿದ್ದರು: "ಇದು ಮೊದಲನೇದ್ದು. ಮೈಗೆ ಹಿಡೀತು ಅಂದ್ರ ಉಳಿದಾವ ಕೊಡ್ತೀವಿ. ಹಿಡೀಲಿಲ್ಲಂದ್ರ ನಿಮ್ಮ ಜಾಗಾಕ್ಕ ಮುಂದಿನವ್ರು. ನಾಳೆ ಸಂಜಿಗೆ ನಿಮ್ಮ ಟಿಬಿ ರಿಪೋರ್ಟ ಬರತೈತಿ, ಫೋನ್ ಮಾಡ್ತೇನಿ. ಆಮ್ಯಾಲೆ ಊರಾಗಿನ ಸಿಸ್ಟರ ಕೈಲೆ ಹಾಕಿಸ್ಕೋರಿ. ಅಲ್ಲೀತನಕಾ ಎರಡ ಡಿಗ್ರಿಯಿಂದ ಎಂಟ ಡಿಗ್ರಿ ಒಳಗ ಇರಬೇಕು. ಕಾದರೂ ಕೆಡತೈತಿ, ಬರ್ಫ ಆಗಿ ಗಡ್ಡಿ ಕಟ್ಟಿದರೂ ಕೆಡತೈತಿ."

ಈಗ ಫ್ರಿಜ್ಜಿನ ಬಾಗಿಲು ಹಿಡಿದು ನಿಂತವನಿಗೆ ಹೆಂಡತಿ ಖೈರುನ್ನಿಸಾ ಹೇಳಿದಳು: "ಕರೆಂಟ್ ಹೋಗಿ ಹತ್ತ ಮಿನಿಟ ಆಗಿಲ್ಲ, ಆರು ಸಲ ತಗದ ನೋಡೀರಿ. ನೀವು ನೋಡಿ ನೋಡಿನ ಅದನ್ನ ಬಿಸಿ ಮಾಡ್ತೀರಿ."

ಲೈನ್‌ಮನ್‌ನಿಗೆ ಫೋನ್ ಮಾಡಿದರೆ ಹೊಸ ಟಿಸಿ ಅಥಣಿಯಿಂದ ಬರಬೇಕು, ಬಂದರೆ ನಾಳೆ ಅಂದ. ಹುಸೇನಮಿಯಾ ದವಾಖಾನೆಯವರು ಕೊಟ್ಟಿದ್ದ ಥರ್ಮಾಕೋಲ್ ಡಬ್ಬಿ ತೆಗೆದು, ಬರ್ಫದ ಪಾಕೀಟನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಅದರ ಮೇಲೆ ಇಂಜೆಕ್ಷನ್ ಮಲಗಿಸಿ ಹೊರಬಿದ್ದ. ಪಾಕೀಟು ಆಗ ಕಲ್ಲಿನಂತೆ ಗಟ್ಟಿಯಿತ್ತು. ಹೆಚ್ಚೆಂದರೆ ಎರಡು ತಾಸು ತಡೆದೀತು.

ಡಾಂಬರು ರಸ್ತೆಯ ಮೇಲಿನ ಕಿರಾಣಿ ಅಂಗಡಿಯ ಜಿನ್ನಪ್ಪನ ಹತ್ತಿರ ಇನ್ವರ್ಟರ್ ಇತ್ತು, ತಂಪು ಪಾನೀಯದ ಗಾಜಿನ ಫ್ರಿಜ್ಜೂ ಇತ್ತು. ಒಳ್ಳೆಯ ಮನುಷ್ಯ. ಕೇಳಿದ ಕೂಡಲೇ ಬಾಟಲಿ ಸರಿಸಿ ಜಾಗ ಮಾಡಿದ.

"ಇಡೂಕಿಂತ ಮೊದಲ ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ಇದನ್ನ ಎದರಲೆ ಮಾಡ್ಯಾರ?"

"ಔಷಧದಲೆ ಮಾಡ್ಯಾರ."

"ಹಂಗಲ್ಲೋ. ನಾವು ಜೈನರು, ಸಂಜಿ ಆದಮ್ಯಾಲೆ ನೀರ ಸೈತ ಮುಟ್ಟದ ಮಂದಿ. ಕೇಳಬೇಕಲಾ."

ಜಿನ್ನಪ್ಪ ಡಬ್ಬಿಯೊಳಗಿನ ಕಾಗದವನ್ನು ಕೌಂಟರಿನ ಮೇಲೆ ಹರಡಿ, ಅದರ ಮೇಲೆ ಮೊಬೈಲು ಹಿಡಿದ. ಮೊಬೈಲು ಇಂಗ್ಲಿಷನ್ನೆಲ್ಲ ಕನ್ನಡ ಮಾಡಿ ತೋರಿಸಿತು. ಜಿನ್ನಪ್ಪ ಕನ್ನಡಕ ಏರಿಸಿ ಓದಿದ: "ಚೀನೀ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ತಯಾರಿಸಲ್ಪಟ್ಟಿದೆ." ಹ್ಯಾಮ್‌ಸ್ಟರ್ ಅಂದರೇನೆಂದು ಮತ್ತೆ ಮೊಬೈಲಿಗೇ ಕೇಳಿದ. ಫೋಟೋ ಬಂತು. ಇಬ್ಬರೂ ಬಗ್ಗಿ ನೋಡಿದರು.

"ಇದು ಇಲಿ ಆತಲೋ," ಅಂದ ಜಿನ್ನಪ್ಪ ಸಂಕಟದಿಂದ.

"ಇಲಿ ಅದರಾಗ ಇಲ್ಲೋ ಮಾರಾಯಾ. ಎಲ್ಲೋ ಫ್ಯಾಕ್ಟರ್ಯಾಗ..."

"ನನಗ ತಿಳೀತೈತಿ. ಮನ್ಯಾಗ ನಮ್ಮವ್ವಗ ತಿಳಿಯಂಗಿಲ್ಲ. ಹುಸೇನಾ, ಬೇಕಾದ್ರ ನನ್ನ ಗಾಡಿ ಒಯ್ಯಿ, ಬರ್ಫ ಒಯ್ಯಿ. ಇದೊಂದ ಬ್ಯಾಡ."

ಅಂಗಡಿಯಲ್ಲಿ ಬೆಲ್ಲ ಕೊಳ್ಳಲು ಬಂದವರು ನಾಲ್ಕು ಜನರಿದ್ದರು. ಹುಸೇನಮಿಯಾ ರಸ್ತೆ ದಾಟುವಷ್ಟರಲ್ಲಿ ಅವನಿಗೆ ಇಲಿಯ ಇಂಜೆಕ್ಷನ್ ಕೊಡುತ್ತಾರಂತೆ ಅನ್ನೋ ಸುದ್ದಿ ಅವನಿಗಿಂತ ಮೊದಲು ಆಚೆ ದಡ ಮುಟ್ಟಿತ್ತು.

ಮುಂದೆ ಊರಿನ ಸರಕಾರಿ ದವಾಖಾನೆ. ಸ್ನೇಹಲ ಸಿಸ್ಟರ್ ನಿಪ್ಪಾಣಿ ಕಡೆಯ ಹುಡುಗಿ, ಕೆಲಸದಲ್ಲಿ ಚುರುಕು. ಲಸಿಕೆ ಇಡುವ ಪೆಟ್ಟಿಗೆಯ ಮೇಲೆ ಡಿಗ್ರಿ ತೋರಿಸುವ ಕೆಂಪು ಅಂಕಿ ಮಿನುಗುತ್ತಿತ್ತು: ನಾಲ್ಕು. ಹುಸೇನಮಿಯಾ ಅದನ್ನು ಆಸೆಯಿಂದ ನೋಡಿದ.

"ನೈ ಕಾಕಾ, ಇದರಾಗ ಲಸಿಕಿ ಬಿಟ್ಟ ಬ್ಯಾರೆ ಏನೂ ಇಡಾಕ ಪರವಾನಗಿ ಇಲ್ಲ. ನನ್ನ ಊಟದ ಡಬ್ಬಿ ಸೈತ ಇಡಂಗಿಲ್ಲ," ಅಂದಳು. "ಸಂಜೀಕ ಫೋನ್ ಬಂತಂದ್ರ ಹೇಳ್ರಿ, ಮನೀಗೆ ಬಂದ ಹಾಕತೇನಿ. ಅಲ್ಲೀತನಕಾ ಎಲ್ಲರೆ ಥಂಡ ಜಾಗಾದಾಗ ಇಡ್ರಿ."

ಹುಸೇನಮಿಯಾ ಬರ್ಫದ ಪಾಕೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಹೆಬ್ಬೆರಳು ಒಳಗೆ ಹೋಯಿತು.

ಡೇರಿಯ ಜಕ್ಕಪ್ಪ ಮಾತ್ರ ಡಿಗ್ರಿ ಕೇಳಿದ ಕೂಡಲೇ ಎದೆ ಉಬ್ಬಿಸಿದ. "ನಮ್ಮ ಟಾಕಿ ನಾಕ ಡಿಗ್ರಿ ಅಂದ್ರ ನಾಕ ಡಿಗ್ರಿ. ಕರೆಂಟ್ ಹೋದ್ರ ಜನರೇಟರ್ ಐತಿ. ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ದಾರಾ ಕಟ್ಟಿ ಹಾಲಿನಾಗ ಇಳಿಬಿಡೂನು, ಯಾರಿಗೆ ಗೊತ್ತಾಗತೈತಿ?" ಅಂದ. ಗೊತ್ತಾಗುವವರು ಅವನ ಬೆನ್ನ ಹಿಂದೆಯೇ ಕ್ಯಾನು ಹಿಡಿದು ನಿಂತಿದ್ದರು. ಹನ್ನೆರಡು ಎಮ್ಮೆಗಳ ಒಡತಿ ಲಗಮವ್ವ ಕ್ಯಾನನ್ನು ನೆಲಕ್ಕೆ ಇಟ್ಟಳು.

"ಆ ಇಲಿ ಔಷಧ ಒಳಗ ಹ್ವಾದ್ರ ನನ್ನ ಹಾಲ ಹೊರಗ ಬರತೈತಿ. ನೋಡ್ಕೋ ಜಕ್ಕಪ್ಪ," ಅಂದಳು.

ಜಕ್ಕಪ್ಪನ ಎದೆ ಇಳಿಯಿತು. ಹುಸೇನಮಿಯಾ ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡು ಬಿಸಿಲಿಗೆ ಬಂದ. ಹನ್ನೆರಡೂವರೆ ಆಗಿತ್ತು. ಬೆವರಿಗೆ ಬೆನ್ನು ಉರಿಯುತ್ತಿತ್ತು, ಕೆರೆಯಲು ಕೈ ಖಾಲಿ ಇರಲಿಲ್ಲ. ಎರಡು ವರ್ಷ ಕಾದದ್ದು ಎರಡು ತಾಸಿನಲ್ಲಿ ಕರಗಿ ಹೋಗುತ್ತದಲ್ಲ ಅಂತ ಅವನಿಗೆ ಅಳುವೇ ಬಂತು.

ಆಗ ಮುಂದೆ ಬುಲೆಟ್ ಬಂದು ನಿಂತಿತು. ಲಗಮಣ್ಣ.

"ಸುದ್ದಿ ಕೇಳಿದೆ. ಗಾಡಿ ಹತ್ತು," ಅಂದ. "ನನ್ನ ಮನ್ಯಾಗ ಸೋಲಾರ್ ಐತಿ, ಎರಡ ಬಾಗಿಲದ ಫ್ರಿಜ್ ಐತಿ. ಮನ್ಯಾಗಿನವ್ರು ಚಿಕ್ಕೋಡಿಗೆ ಹೋಗ್ಯಾರ, ಕೇಳವ್ರು ಯಾರೂ ಇಲ್ಲ."

ಇಲಿಯ ಮಾತನ್ನೇ ಎತ್ತಲಿಲ್ಲ. ತೋಟದ ಮನೆಯ ಫ್ರಿಜ್ಜಿನಲ್ಲಿ ನಡುವಿನ ಹಲಗೆ ಪೂರ್ತಿ ಖಾಲಿ ಮಾಡಿಕೊಟ್ಟ. ಇಂಥವನ ಎದುರು ಮುಚ್ಚಿಡುವುದೇನು ಅಂತ ಹುಸೇನಮಿಯಾ ಇಂಜೆಕ್ಷನ್ ತೆಗೆದು ತೋರಿಸಿದ. ಲಗಮಣ್ಣ ಬಹಳ ಶ್ರದ್ಧೆಯಿಂದ ಕೇಳಿದ: ಎಲ್ಲಿ ಚುಚ್ಚುತ್ತಾರೆ, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ನೋವಾಗುತ್ತದೇನು.

"ಏನಿಲ್ರಿ ಅಣ್ಣಾರ. ಟೊಪ್ಪಿಗಿ ತಗದು ತೊಡಿಗೆ ಒತ್ತೂದು. ಒಮ್ಮೆ ಟಕ್ ಅಂತೈತಿ. ಹದಿನೈದು ಎಣಿಸೂತನಕಾ ಹಿಡೀಬೇಕು, ಮತ್ತೊಮ್ಮೆ ಟಕ್ ಅಂದ್ರ ಮುಗೀತು. ಓದಾಕ ಬರದವ್ರಿಗೂ ಬರತೈತಿ, ಚಿತ್ರಾ ತಗದಾರ ನೋಡ್ರಿ."

"ಭಾಳ ಚಲೋ ಮಾಡ್ಯಾರ," ಅಂದ ಲಗಮಣ್ಣ.

ಹುಸೇನಮಿಯಾ ಮನೆಗೆ ಬಂದು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ನಿಶ್ಚಿಂತೆಯಿಂದ ನಿದ್ದೆ ಹೊಡೆದ.

ಐದೂವರೆಗೆ ಮಿರಜದಿಂದ ಫೋನ್ ಬಂತು. ರಿಪೋರ್ಟು ಚೊಕ್ಕ ಇತ್ತು. ಸಿಸ್ಟರಿಗೆ ಹೇಳಿ ಕಳಿಸಿ, ಜಿನ್ನಪ್ಪ ಕೊಟ್ಟ ಹೊಸ ಬರ್ಫ ಹಾಕಿಕೊಂಡು, ಹುಸೇನಮಿಯಾ ಸೈಕಲ್ಲು ತುಳಿಯುತ್ತ ತೋಟದ ಮನೆಗೆ ಹೋದ. ಲಗಮಣ್ಣ ಪಡಸಾಲೆಯ ಸೋಫಾದ ತುದಿಯಲ್ಲಿ ಕೂತಿದ್ದ, ಬೀಗರ ಮನೆಗೆ ಬಂದವನ ಹಾಗೆ.

"ಬಾಗಲಾ ಹಾಕು," ಅಂದ.

ಹಾಕಿದ. ಲಗಮಣ್ಣ ಎದ್ದು ನಿಂತು ತನ್ನ ಗರಿಗರಿ ಬಿಳಿ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದ. ಎದೆ, ಹೊಟ್ಟೆ, ಎರಡೂ ತೋಳು. ತಿರುಗಿ ಬೆನ್ನು ತೋರಿಸಿದ. ಕೆಂಪು ಕಲೆ, ಮೇಲೆ ಬಿಳಿ ಹೊಟ್ಟು. ಹುಸೇನಮಿಯಾನದಕ್ಕಿಂತ ಎರಡು ಪಟ್ಟು.

"ಇಪ್ಪತ್ತೆರಡ ವರ್ಷ ಆತು. ನನ್ನ ಹೇಣ್ತಿ ಚನ್ನವ್ವಗ ಬಿಟ್ಟರ ಯಾರಿಗೂ ಗೊತ್ತಿಲ್ಲ," ಅಂದ. "ಮಿರಜಕ್ಕ ಹೋಗೂನಂದ್ರ ಅಲ್ಲಿ ಅರ್ಧಾ ಅಥಣಿ ತಾಲೂಕ ಕುಂತಿರತೈತಿ. ಮಗ ರೋಹನಗ ಹೆಣ್ಣ ನೋಡಾಕತ್ತೇವಿ. ಸುದ್ದಿ ಆತಂದ್ರ ಯಾರ ಕೊಡ್ತಾರ?"

"ಮತ್ತ ನನಗ ಹೇಳಿದ್ದ ಔಷಧಾ ಎಲ್ಲಾ..."

"ಮೊದಲ ನಿನಗ ಹೇಳತಿದ್ದೆ. ನಿನಗ ಗುಣಾ ಆದ್ರ ನಾನೂ ಮಾಡೂನಂತ." ಲಗಮಣ್ಣ ನೆಲ ನೋಡಿದ. "ನಿನಗ ಒಂದೂ ಗುಣಾ ಆಗಲಿಲ್ಲ."

ಕತ್ತೆಯ ಹಾಲಿನ ವಾಸನೆ ಹುಸೇನಮಿಯಾನ ಮೂಗಿಗೆ ಹೊಡೆದಂತಾಯಿತು. ಅವನು ಹೋಗಿ ಫ್ರಿಜ್ಜು ತೆಗೆದ. ನಡುವಿನ ಹಲಗೆಯ ಮೇಲೆ ಏನೂ ಇರಲಿಲ್ಲ.

"ಮಧ್ಯಾಹ್ನ ನೀರ ಕುಡ್ಯಾಕಂತ ತಗದೆ," ಅಂದ ಲಗಮಣ್ಣ ಹಿಂದಿನಿಂದ. "ಕಂಡಿತು. ಮುಚ್ಚಿದೆ. ಮತ್ತ ತಗದೆ, ಮತ್ತ ಮುಚ್ಚಿದೆ. ಮೂರನೇ ಸಲ ತಡಕೊಳ್ಳಾಕ ಆಗಲಿಲ್ಲ ಹುಸೇನಾ. ಈ ಸಲ ನಿನ್ನ ಮ್ಯಾಲ ನೋಡೂತನಕಾ ಕಾಯಾಕ ಆಗಲಿಲ್ಲ."

ಖಾಲಿ ಪೆನ್ನು ಟೇಬಲ್ಲಿನ ಮೇಲಿತ್ತು. ಹುಸೇನಮಿಯಾನಿಗೆ ಸಿಟ್ಟು ನೆತ್ತಿಗೇರಿತು. "ಎರಡ ವರ್ಷ ಕಾದೇನಿ ನಾನು. ನೀವು ಮನಷ್ಯಾ ಏನ್ರಿ? ಕಳ್ಳ ಆದ್ರೂ ಹೆಂಗ ಹಾಕ್ಕೋಬೇಕಂತ ಕೇಳಿ ತಿಳಕೊಂಡ ಕದಿಯಂಗಿಲ್ಲ," ಅಂದ. ಇನ್ನೂ ಅನ್ನುವವನಿದ್ದ. ಅಷ್ಟರಲ್ಲಿ ಲಗಮಣ್ಣನ ಕೈ ತನ್ನಷ್ಟಕ್ಕೆ ತಾನೇ ಮೊಣಕೈಗೆ ಹೋಯಿತು. ಉಗುರು ತಾಗಿಸಲಿಲ್ಲ. ರಕ್ತ ಬರಬಾರದಂತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಿಕ್ಕಿಕೊಂಡ. ಹದಿನಾಲ್ಕು ವರ್ಷ ಹುಸೇನಮಿಯಾ ತಾನೊಬ್ಬನೇ ಹಾಗೆ ತಿಕ್ಕಿಕೊಳ್ಳುತ್ತೇನೆ ಅಂದುಕೊಂಡಿದ್ದ.

"ರಕ್ತಾ ತಪಾಸ್ ಮಾಡಿಸ್ದನ ಹಾಕ್ಕೊಂಡೀರಿ. ಏನರ ಆದ್ರ?" ಅಂದ ಕೊನೆಗೆ.

ಹೊರಗೆ ಸ್ಕೂಟಿ ನಿಂತಿತು. ಕಾಯುವುದಾಗದೆ ಸ್ನೇಹಲ ಸಿಸ್ಟರ್ ತಾನೇ ಬಂದಿದ್ದಳು, ಹಿಂದಿನ ಸೀಟಿನಲ್ಲಿ ಖೈರುನ್ನಿಸಾ. ಅವರ ಹಿಂದೆ ತನ್ನ ಗಾಡಿಯಲ್ಲಿ ಜಿನ್ನಪ್ಪ, ಜಕ್ಕಪ್ಪ. ಬಾಗಿಲು ಬಡಿದರು. ಲಗಮಣ್ಣ ಗಡಬಡಿಸಿ ಅಂಗಿ ತೊಟ್ಟ, ಗುಂಡಿಗಳು ಮೇಲೆ ಕೆಳಗಾದವು. ಅವನ ಕಣ್ಣು ಹುಸೇನಮಿಯಾನ ಮೇಲಿತ್ತು.

ಹುಸೇನಮಿಯಾ ಖಾಲಿ ಪೆನ್ನು ಕೈಗೆ ತೆಗೆದುಕೊಂಡ, ಬಾಗಿಲು ತೆಗೆದ.

"ಆತ್ರಿ ಸಿಸ್ಟರ. ನಾನ ಹಾಕ್ಕೊಂಡೆ," ಅಂದ. "ಚಿತ್ರಾ ಇದ್ವು."

ಸಿಸ್ಟರ್ ಪೆನ್ನು ತಿರುಗಿಸಿ ನೋಡಿ, ಪೂರ್ತಿ ಇಳಿದಿದೆ ಅಂದು, ಆಮೇಲೆ ಬೈಯಲು ಶುರು ಮಾಡಿದಳು. ಮೊದಲ ಸಲ ಒಬ್ಬರೇ ಹಾಕಿಕೊಳ್ಳುತ್ತಾರೇನು, ಬಾವು ಬಂದರೆ ಏನು ಗತಿ, ಉಸಿರು ಹಿಡಿದರೆ ಯಾರು ದಿಕ್ಕು. "ಅರ್ಧಾ ತಾಸ ಏಳಬ್ಯಾಡ್ರಿ," ಅಂದು ಅವನನ್ನು ಸೋಫಾದ ಮೇಲೆ ಮಲಗಿಸಿದಳು. ಖೈರುನ್ನಿಸಾ ಗಾಳಿ ಬೀಸಿದಳು. ಜಿನ್ನಪ್ಪ ಆಗಲೇ ಮುಖದಲ್ಲಿ ಕಳೆ ಬಂದೈತಿ ಅಂದ. ಸಿಸ್ಟರ್ ಐದು ನಿಮಿಷಕ್ಕೊಮ್ಮೆ ಹುಸೇನಮಿಯಾನ ನಾಡಿ ಹಿಡಿಯುತ್ತಿದ್ದಳು, ಹುಸೇನಮಿಯಾ ಎದುರು ಕುರ್ಚಿಯಲ್ಲಿದ್ದ ಲಗಮಣ್ಣನ ಮುಖ ಬಾತಿದೆಯೇನೋ ಅಂತ ಕಣ್ಣು ಕೀಳದೆ ನೋಡುತ್ತಿದ್ದ. ಬಾತಿರಲಿಲ್ಲ.

ಅರ್ಧ ತಾಸಾದ ಮೇಲೆ ಸಿಸ್ಟರೇ ಮಿರಜಕ್ಕೆ ಫೋನ್ ಹಚ್ಚಿ ಕೊಟ್ಟಳು.

"ಛಾನ್ ಝಾಲಂ, ಚಲೋ ಆತು," ಅಂದರು ಡಾಕ್ಟರು. "ಮೂರ ವಾರಕ್ಕ ಬರ್ರಿ, ಮೈ ನೋಡ್ತೇನಿ. ತಿಳಿ ಆಗಿತ್ತಂದ್ರ ಉಳಿದಾವು ಕೊಡ್ತೀವಿ. ಹಂಗ ಇತ್ತಂದ್ರ ಈ ಔಷಧಾ ನಿಮಗ ಹಿಡಿಯಂಗಿಲ್ಲಂತ ಬರದು ಯಾದಿಯಿಂದ ಹೆಸರ ತಗೀತೀವಿ. ಹೆಂಗ ಅನಸ್ತೈತಿ ಈಗ?"

ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಹುಸೇನಮಿಯಾ ಲಗಮಣ್ಣನನ್ನು ನೋಡಿದ.

"ಚಲೋ ಹಿಡೀತೈತಿ ಅನಸ್ತೈತ್ರಿ," ಅಂದ. ಯಾರಿಗೆ ಅಂತ ಡಾಕ್ಟರು ಕೇಳಲಿಲ್ಲ, ಅವನೂ ಹೇಳಲಿಲ್ಲ.