ಸೋಮವಾರವೇ ಹೊರಟ ಪೆಟ್ಟಿಗೆ

ಮನೆಯಿಂದ ಯಾರಾದರೂ ದೂರ ಹೊರಟರೆ ಸಾಕು, ನಗು ಬರುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಆ ಹೊತ್ತಿನಲ್ಲಿ ಎಲ್ಲರೂ ಅಳುತ್ತಿರುವುದರಿಂದ ನಗುವುದಕ್ಕೆ ಪುರುಸೊತ್ತಾಗುವುದು ಎಷ್ಟೋ ವರ್ಷಗಳ ಮೇಲೆ.

ನಾನು ಮಧುಗಿರಿಯಿಂದ ತುಮಕೂರಿನ ಕಾಲೇಜು ಹಾಸ್ಟೆಲಿಗೆ ಹೊರಟದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಬೀದಿಯ ಹೆಣ್ಣುಮಕ್ಕಳು ಅದುವರೆಗೆ ಮನೆ ಬಿಡುತ್ತಿದ್ದದ್ದು ಮದುವೆಯಾಗಿ, ಇಲ್ಲವೇ ನಾಲ್ಕು ಜನರ ಹೆಗಲ ಮೇಲೆ. ಹಾಗಾಗಿ ಅಜ್ಜಿ ಜಗಲಿಯ ಮೇಲೆ ಕೂತು ರಾಗವಾಗಿ ಅಳುವುದು ಕೇಳಿಸಿದಾಗ, ಎದುರುಮನೆಯಾಕೆ ಸಾವಿನ ಮನೆಗೆ ತರುವಂತೆ ಮುದ್ದೆ, ಸಾರು ಬೇಯಿಸಿ ತಂದುಬಿಟ್ಟರು. ವಿಷಯ ತಿಳಿದು ನಾಚಿಕೊಂಡು ಪಾತ್ರೆ ಎತ್ತಿಕೊಂಡರೆ ಅಜ್ಜಿ ಮೂಗು ಒರೆಸಿಕೊಂಡು, "ತಂದಿದ್ದು ಇಟ್ಟೋಗು ಕಣಮ್ಮ. ಎಲ್ಡೂ ಒಂದೇಯ" ಅಂದಳು.

ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವರು ತಾಲ್ಲೂಕು ಕಚೇರಿಯ ಗುಮಾಸ್ತರಾದ ಅಪ್ಪ, ಅಪ್ಪನ ತಾಯಿ ಅಜ್ಜಿ, ಅಪ್ಪನ ತಂಗಿ ಅತ್ತೆ. ಗುರುವಾರವೇ ಬಂದು ಸೇರದಿದ್ದರೆ ನನ್ನ ಜಾಗ ಇನ್ನೊಬ್ಬಳಿಗೆ ಎಂದು ಹಾಸ್ಟೆಲಿನವರು ತಿಳಿಸಿದ್ದರು. ಅಜ್ಜಿಗೆ ನಾನು ಹೋಗಕೂಡದು. ಅತ್ತೆಗೆ ನಾನು ಹೋಗಲೇಬೇಕು. ಅಪ್ಪನಿಗೆ ಸಾಮಾನು ಚೆನ್ನಾಗಿ ಕಟ್ಟಿದ್ದರೆ ಸಾಕು.

ಗಿಳಿ ಪೆಟ್ಟಿಗೆ

ಹೊಸ ಟ್ರಂಕು ಕೊಳ್ಳುವ ಮಾತೇ ಬರಲಿಲ್ಲ. ಅಟ್ಟದ ಮೇಲೆ ಅತ್ತೆಯದೊಂದು ಇತ್ತು. ಹಸಿರು ಬಣ್ಣ, ಮುಚ್ಚಳದ ಮೇಲೆ ಎರಡು ಗಿಳಿ. ಅತ್ತೆ ಮದುವೆಯಾಗಿ ಕೊಡಿಗೇನಹಳ್ಳಿಗೆ ಹೋದಾಗ ಜೊತೆಗೆ ಹೋಗಿತ್ತು. ವರ್ಷ ತುಂಬುವ ಮೊದಲೇ ಗಂಡ ತೀರಿಹೋಗಿ, ಅತ್ತೆಯ ಜೊತೆಗೇ ವಾಪಸ್ಸು ಬಂದಿತ್ತು. ಆಗ ಅತ್ತೆಗೆ ಹಾಸ್ಟೆಲಿಗೆ ಹೊರಟಿದ್ದ ನನ್ನಷ್ಟೂ ವಯಸ್ಸಾಗಿರಲಿಲ್ಲ.

"ಹೋದ ದಾರೀಲೇ ತಿರುಗಿ ಬಂದಿರಾ ಪೆಟ್ಗೆ ಕಣೆ ಅದು. ಅದನ್ನ ಕೊಟ್ಟು ಕಳಿಸ್ತಾರಾ ಯಾರಾನ?" ಅಂದಳು ಅಜ್ಜಿ.

ಅತ್ತೆ ಸೀಮೆಎಣ್ಣೆ ಬಟ್ಟೆಯಲ್ಲಿ ಗಿಳಿಗಳ ತುಕ್ಕು ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ. "ಒಳ್ಳೇದೇ ಆಯ್ತಲ್ಲವ್ವ. ಇದಕ್ಕೆ ಬರಾ ದಾರಿ ಗೊತ್ತೈತೆ. ಹೊಸಾ ಪೆಟ್ಗೆ ಆಗಿದ್ರೆ ತುಮಕೂರ್ನಾಗೆ ಕಂಡೋರ್ನೆಲ್ಲ ದಾರಿ ಕೇಳ್ಕಂಡು ನಿಂತಿರೋದು."

ಖಾಲಿ ಜಾಗ

ಅಪ್ಪ ಅಮಲ್ದಾರರ ಹಿಂದೆ ಕ್ಯಾಂಪು ತಿರುಗಿ ತಿರುಗಿ, ಸಾಮಾನು ಕಟ್ಟುವುದರಲ್ಲಿ ತಮ್ಮನ್ನು ಮೀರಿಸಿದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲೂ ಇಲ್ಲ ಎಂದು ನಂಬಿದ್ದರು. "ಖಾಲಿ ಜಾಗ ಅಂದ್ರೆ ಸೋಮಾರಿತನ" ಎಂಬುದು ಅವರ ಸಿದ್ಧಾಂತ. ಚೊಂಬಿನೊಳಗೆ ಲೋಟ, ಲೋಟದೊಳಗೆ ಹರಳೆಣ್ಣೆ ಸೀಸೆ, ಸೀಸೆ ಅಲ್ಲಾಡದಂತೆ ಸುತ್ತಲೂ ಹುರಿಗಡಲೆ. ಸೀರೆಗಳನ್ನು ಮಡಿಸದೆ ಬತ್ತಿಯಂತೆ ಹೊಸೆದು ಸಂದಿಗಳಿಗೆ ತುರುಕಿದರು. ನಾನೂ ಅತ್ತೆಯೂ ಮುಚ್ಚಳದ ಮೇಲೆ ಕೂತ ಮೇಲೆ ಚಿಲಕ ಬಿತ್ತು.

ಕಚೇರಿಯ ಜವಾನನನ್ನು ಕರೆಸಿ, "ಅಲ್ಲಾಡ್ಸಯ್ಯ ನೋಡೋಣ" ಅಂದರು. ಅವನು ಎತ್ತಿ ಕುಲುಕಿದ. ಸದ್ದಿಲ್ಲ. ಅಮ್ಮ ಹೋದಮೇಲೆ ಅಪ್ಪ ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ಹೇಳಲು ಸ್ವಲ್ಪ ಸಂಕಟವಾಯಿತು.

"ಅಪ್ಪ, ನನ್ನ ಬಾಚಣಿಗೆ ಒಳಗೇ ಹೋಗಿದೆ."

ಅಪ್ಪ ಪೆಟ್ಟಿಗೆ ನೋಡಿದರು. ನನ್ನ ತಲೆ ನೋಡಿದರು. ಮತ್ತೆ ಪೆಟ್ಟಿಗೆ ನೋಡಿದರು.

"ದಸರಾ ರಜಕ್ಕೆ ಬರ್ತೀಯಲ್ಲಮ್ಮ, ಆಗ ಬಾಚ್ಕೊಳ್ಳುವಂತೆ."

ಇಬ್ಬರ ಹಾಸಿಗೆ

ಹಾಸಿಗೆ ಮಾಡಲು ಶಿರಾದಿಂದ ಹತ್ತಿ ಹಿಂಜುವ ಸಾಬರು ಹೆಗಲ ಮೇಲೆ ಬಿಲ್ಲು ಹೊತ್ತು ಬಂದರು. "ಸುತ್ತಿದ್ರೆ ಕಂಕುಳಲ್ಲಿ ಹಿಡಿಯಬೇಕು, ಅಷ್ಟು ತೆಳ್ಳಗಿರಲಿ" ಎಂದು ಅಪ್ಪ ಹೇಳಿ ಕಚೇರಿಗೆ ಹೋದರು. ಅಪ್ಪ ಮೂಲೆ ತಿರುಗಿದ್ದೇ ತಡ, ಅಜ್ಜಿ ಹೊರಗೆ ಬಂದು, "ಮನೇಲಿರಾ ಹತ್ತಿನೆಲ್ಲ ತುಂಬಪ್ಪ" ಅಂದಳು. ಮೊಮ್ಮಗಳ ಬೆನ್ನಿನ ಚಿಂತೆಯಲ್ಲ ಅದು. ಅಷ್ಟು ದಪ್ಪದ ಹಾಸಿಗೆಯನ್ನು ಬಸ್ಸಿನವನು ಹತ್ತಿಸುವುದಿಲ್ಲ, ಹಾಸಿಗೆ ಹತ್ತದಿದ್ದರೆ ನಾನೂ ಹತ್ತುವುದಿಲ್ಲ ಎಂಬ ಆಸೆ.

ಸಂಜೆ ಅಪ್ಪ ಬಂದು ನೋಡಿದರೆ ಹಾಸಿಗೆಯ ಒಂದು ತುದಿ ಮಧುಗಿರಿ ಬೆಟ್ಟ, ಇನ್ನೊಂದು ತುದಿ ಬರೀ ಬಟ್ಟೆ.

"ಏನ್ ಸಾಬರೇ ಇದು?"

"ಸಾಹೇಬ್ರು ತೆಳ್ಳಗೆ ಅಂದ್ರಿ. ಅಮ್ಮಾರು ದಪ್ಪಗೆ ಅಂದ್ರು. ನಾನ್ ಗರೀಬು, ಯಾರ ಮಾತು ತೆಗೆದಾಕ್ಲಿ? ತಲೆ ಕಡೆ ಅಮ್ಮಾರ್ದು, ಕಾಲ್ ಕಡೆ ನಿಮ್ದು. ದಿಂಬು ಬೇಕಾಗಿಲ್ಲ, ಅದು ನಿಮಗೆ ಫಾಯ್ದಾ."

ಪಾವಗಡದ ಮಾವ

ಹಾಸಿಗೆಯನ್ನು ನಂಬಿ ಕೂರುವುದು ಬೇಡವೆಂದು ಅಜ್ಜಿ ಪಾವಗಡಕ್ಕೆ ಹೇಳಿಕಳಿಸಿದ್ದಳು. ಅಲ್ಲಿ ನನ್ನ ಸೋದರಮಾವ ಇದ್ದರು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಅಕ್ಕನ ಮಗಳನ್ನು ಮದುವೆಯಾಗುವುದು ಅವರ ಹಕ್ಕು, ಕೇಳಿದರೆ ಅಪ್ಪ ಇಲ್ಲವೆನ್ನಲಾರರು. ಮಾವ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ನಡುಮನೆಯಲ್ಲಿ ಪೆಟ್ಟಿಗೆ, ಹಾಸಿಗೆ, ಬಕೆಟ್ಟು ಸಾಲಾಗಿ ಇಟ್ಟದ್ದು ನೋಡಿ, ಎಲ್ಲ ತಮ್ಮ ಮನೆಗೇ ಎಂದುಕೊಂಡು ಸಂಕೋಚಪಟ್ಟುಕೊಂಡು, ಇದೆಲ್ಲ ಯಾಕೆ ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಏಮಿ ಅತ್ತಮ್ಮಾ, ಇವೆಲ್ಲಾ ಎಂದುಕು? ನಮ್ಮನೇಲಿ ಬಕೆಟ್ ಲೇದಾ?"

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದೆ. ಅತ್ತೆ ನನ್ನ ಮುಂಗೈ ಹಿಡಿದಿದ್ದಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

ಬಸ್ಸಿನಲ್ಲಿ ಕುಲುಕಿ ಬಂದ ಮಾವ ಊಟ ಮುಗಿಸಿ, ಹತ್ತಿರವಿದ್ದ ಆ ಹಾಸಿಗೆಯನ್ನೇ ಹಾಸಿಕೊಂಡು ಅಜ್ಜಿಯ ಹತ್ತಿಯ ಮೇಲೆ ತಲೆ, ಅಪ್ಪನ ಬಟ್ಟೆಯ ಮೇಲೆ ಕಾಲಿಟ್ಟು ಮಲಗಿದರು. ದೀಪ ಹಚ್ಚುವ ಹೊತ್ತಿಗೆ ಎದ್ದು, ಹಾಸಿಗೆಯನ್ನು ಸವರುತ್ತ ಕೂತರು. ಅಪ್ಪ ಹೆದರುತ್ತಲೇ, ಹುಡುಗಿಯನ್ನು ಕಾಲೇಜಿಗೆ ಕಳಿಸುತ್ತಿದ್ದೇವೆ ಎಂದು ತಿಳಿಸಿದರು.

"ಬಾವಾ," ಅಂದರು ಮಾವ, "ನನ್ ಹೆಂಡ್ತಿ ಹೋದ್ಮೇಲೆ ಇಂಥಾ ನಿದ್ದೆ ನಾನು ಮಾಡೇ ಇಲ್ಲ. ಪಿಲ್ಲ ಓದ್ಕಳ್ಳಿ ಬುಡು. ಈ ಹಾಸಿಗೆ ನಾಕಿಚ್ಚೇಯ್, ನಂಗೇ ಕೊಟ್ಬುಡು."

ಹಾಸಿಗೆ ಪಾವಗಡಕ್ಕೆ ಹೋಯಿತು. ಅಪ್ಪನಿಗೆ ಎರಡು ಸಂತೋಷ: ಮಗಳು ಉಳಿದಳು, ಒಂದು ಲಗೇಜು ಕಡಿಮೆಯಾಯಿತು. ಮುಖ ನೋಡಿದರೆ ಎರಡನೆಯದೇ ಹೆಚ್ಚೆಂದು ಕಾಣುತ್ತಿತ್ತು.

ಪರಸ್ತಾನ

ಅಜ್ಜಿಗೆ ಇನ್ನೂ ಒಂದು ಬಾಣ ಉಳಿದಿತ್ತು. "ಗುರುವಾರ ತೆಂಕಲಿಗೆ ಶೂಲ. ತುಮಕೂರು ಇರಾದೇ ತೆಂಕಲಿಗೆ. ಹೆಂಗೆ ಹೋಗ್ತಾಳೆ?"

ಇದಕ್ಕೆ ನಮ್ಮ ಕಡೆ ಪರಿಹಾರವಿದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲು ಬರುವ ಒಳ್ಳೆಯ ದಿನವೇ ಪ್ರಯಾಣದ ಗಂಟನ್ನು ಆ ದಿಕ್ಕಿನ ಒಂದು ಮನೆಯಲ್ಲಿ ಇಟ್ಟು ಬರುವುದು. ಅದೇ ಪರಸ್ತಾನ. ಗಂಟು ಹೋದರೆ ಆಳು ಹೋದ ಹಾಗೆ. ಇಟ್ಟ ಗಂಟು ತಿರುಗಿ ಮನೆಗೆ ಬರಬಾರದು, ಬಿಚ್ಚಲೂಬಾರದು. ಅಪ್ಪ ಇದನ್ನು ನೆನಪಿಸಿದಾಗ, ಶಾಸ್ತ್ರ ಎತ್ತಿದ ಅಜ್ಜಿ ಶಾಸ್ತ್ರಕ್ಕೆ ಇಲ್ಲವೆನ್ನಲಾಗದೆ, ಸೋಮವಾರ ತಾನೇ ಗಿಳಿಗಳಿಗೆ ಅರಿಶಿನ ಕುಂಕುಮ ಇಟ್ಟು ಪೆಟ್ಟಿಗೆಯನ್ನು ಎದುರುಮನೆಗೆ ಕಳಿಸಿದಳು.

ನನ್ನ ಸೀರೆಯೆಲ್ಲ ಅದರಲ್ಲೇ ಇತ್ತು. ಗುರುವಾರದವರೆಗೆ ಒಂದೇ ಸೀರೆಯಲ್ಲಿ, ಕೆದರಿದ ತಲೆಯಲ್ಲಿ ಓಡಾಡಿದೆ. ಶಾಸ್ತ್ರದ ಪ್ರಕಾರ ಎದುರುಮನೆಯ ನಡುಮನೆಯಲ್ಲಿ ನಾನು ಪೆಟ್ಟಿಗೆಯಾಗಿ ಕುಂಕುಮ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದೆ. ಅವರ ಮನೆಗೆ ಬಂದವರೆಲ್ಲ ಅದನ್ನು ನೋಡಿ, "ಎಷ್ಟು ಲಕ್ಷಣವಾಗವಳೆ" ಅನ್ನುವವರು. ಈಚೆ ಮನೆಯ ನನ್ನನ್ನು ನೋಡಿ ಯಾರೂ ಏನೂ ಅನ್ನಲಿಲ್ಲ.

ಗುರುವಾರ

ಬೆಳಗ್ಗೆಯೇ ಅಜ್ಜಿ ಅತ್ತೆಗೆ, "ನೀನು ಹಿತ್ತಲ ಕೋಣೆ ಬಿಟ್ಟು ಈಚೆಗೆ ಬರಬ್ಯಾಡ" ಎಂದು ಕಟ್ಟಪ್ಪಣೆ ಮಾಡಿದಳು. ಹೊರಡುವವರಿಗೆ ವಿಧವೆ ಎದುರಾಗಬಾರದು. ನನ್ನನ್ನು ಸಾಕಿದ ಆ ಕೈಗಳಿಂದಲೇ ಅತ್ತೆ ಬಾಗಿಲು ಹಾಕಿಕೊಂಡು ಒಳಗೆ ಕೂತಳು.

ಅಪ್ಪ ಕೊಡೆ ಹಿಡಿದು ಹೊಸ್ತಿಲಾಚೆ ನಿಂತಿದ್ದರು. ನಾನು ಅಜ್ಜಿಯ ಕಾಲಿಗೆ ಬಿದ್ದು ಎದ್ದು ಹೊಸ್ತಿಲ ಕಡೆ ಕಾಲು ಎತ್ತಿದೆ. ಅಷ್ಟರಲ್ಲಿ ಹಿತ್ತಲಿಂದ ಮನೆ ಬಳಸಿ ಓಡಿಬಂದ ಅತ್ತೆ ನನ್ನ ಎದುರಿಗೇ ನಿಂತಳು, ಕಂಕುಳಲ್ಲಿ ಅವಳದೇ ಜಮಖಾನ. ಹಾಸಿಗೆ ಪಾವಗಡಕ್ಕೆ ಹೋದಮೇಲೆ ನನಗೆ ಮಲಗಲು ಏನೂ ಇಲ್ಲವೆಂಬುದು ನಾಲ್ಕು ತಾಲ್ಲೂಕಿನ ಪ್ರವೀಣರಾದ ಅಪ್ಪನಿಗೆ ಹೊಳೆದಿರಲಿಲ್ಲ.

"ಎದುರಿಗೆ ಬಂದ್ಬುಟ್ಯಲ್ಲೇ ಪಾಪಿ!" ಅಜ್ಜಿಯ ದನಿಯಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಿತ್ತು. "ಆಯ್ತು, ಇವತ್ತು ಹೋಗಂಗಿಲ್ಲ. ನಡಿಯೇ ಒಳಕ್ಕೆ."

ಇವತ್ತು ಹೋಗದಿದ್ದರೆ ಇನ್ನೆಂದೂ ಹೋಗುವ ಹಾಗಿರಲಿಲ್ಲ. ಅಪ್ಪ ಕೊಡೆಯ ತುದಿ ನೋಡುತ್ತ ನಿಂತರು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು ದಾರಿ ಬಿಡಲಿಲ್ಲ.

"ಯಾರವ್ವ ಹೋಗಂಗಿಲ್ಲ?" ಅಂದಳು. "ಅವಳು ಸೋಮವಾರವೇ ಹೋದ್ಲಲ್ಲ? ನೀನೇ ಕುಂಕುಮ ಇಟ್ಟು ಕಳಿಸಿದ್ಯಲ್ಲ? ಇದು ಬರೀ ಲಗೇಜು. ಲಗೇಜಿಗೆ ಯಾವ ಶಕುನ ಕಣವ್ವ?"

ಅಜ್ಜಿ ಹೊಸ್ತಿಲಿಗೆ ಬಂದಳು. ಎದುರುಮನೆ ಕಡೆ ನೋಡಿದಳು. ಅಲ್ಲಿ ಬಾಗಿಲ ಬಳಿ ಗಿಳಿಗಳು ಹಣೆಗೆ ಕುಂಕುಮ ಇಟ್ಟುಕೊಂಡು ಬಸ್ಸಿಗೆ ಸಿದ್ಧವಾಗಿ ಕೂತಿದ್ದವು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡಿಗೆಮನೆ ಕಡೆ ತಿರುಗಿದಳು.

"ಲಗೇಜು ಎಲ್ಡು ತುತ್ತು ಮೊಸರನ್ನ ತಿನ್ಕಂಡಾದ್ರೂ ಹೋಗ್ಲಿ. ಕೊರಟಗೆರೆ ದಾಟಾ ಹೊತ್ಗೆ ಹಸೀತೈತೆ."

ಅತ್ತೆ ಜಮಖಾನ ಹೊತ್ತು ನಮ್ಮ ಮುಂದೆ ಮುಂದೆಯೇ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಕೊಡಿಗೇನಹಳ್ಳಿಯಿಂದ ವಾಪಸ್ಸು ಬಂದಮೇಲೆ ಅವಳು ಅಷ್ಟು ದೂರ ಬಂದದ್ದು ಅದೇ ಮೊದಲು. ಕಂಡಕ್ಟರು ಪೆಟ್ಟಿಗೆಯನ್ನು ನೋಡಿ, "ಎಷ್ಟು ಲಗೇಜು ಸಾಮೀ?" ಎಂದು ಕೇಳಿದ.

ಅಪ್ಪ ತಂಗಿಯ ಮುಖ ನೋಡಿದರು.

"ಎರಡಪ್ಪ. ಒಂದನ್ನ ಮೇಲೆ ಹಾಕು. ಇನ್ನೊಂದನ್ನ ಕಿಟಕಿ ಪಕ್ಕ ಕೂರಿಸು, ಅಳ್ತಾ ಇದೆ."