ಪೇಟಿಗೆ ಗಾಳಿ ಹಾಕುವವರು

ಹಾರ್ಮೋನಿಯಂ ಬಾರಿಸುವವರು ನಾಲ್ಕು ಜನ ಕೂಡಿದರೆ ಏನಾದರೂ ಒಂದು ಫಜೀತಿ ಆಗದೆ ಇರುವುದಿಲ್ಲ. ನಾವು ಅದಕ್ಕೆ ಪೇಟಿ ಅನ್ನುತ್ತೇವೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಪೇಟಿಯವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಒಬ್ಬರು ಬಾರಿಸಿ ರೆಕಾರ್ಡ್ ಮಾಡಿ ಹಾಕುವುದು, ಉಳಿದವರು ತಪ್ಪು ಹುಡುಕುವುದು. ನಾನು ಅಫಜಲಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನು. ತಪ್ಪು ಹುಡುಕುವುದರಲ್ಲಿ ಪಳಗಿದ್ದೇನೆ. ಬಾರಿಸುವುದರಲ್ಲಿ ಅಷ್ಟಿಲ್ಲ.

ಅಂಗಡಿಯಲ್ಲಿ ಭೈರವಿ

ಆಳಂದದ ಅರಿವೆ ಅಂಗಡಿಯವರೊಬ್ಬರು ಮಧ್ಯಾಹ್ನ ಗಿರಾಕಿ ಇಲ್ಲದಾಗ ಗಾದಿಯ ಮೇಲೇ ಪೇಟಿ ಇಟ್ಟುಕೊಂಡು ಕೂಡುತ್ತಾರೆ. ಒಂದು ದಿನ ಭೈರವಿ ರಾಗ ರೆಕಾರ್ಡ್ ಮಾಡುತ್ತಿದ್ದಾಗ ತಾಯಿ ಮಗಳು ಒಳಗೆ ಬಂದರು.

"ಕುಬಸದ ಅರಿವಿ ತೋರಸ್ರಿ" ಎಂದಳು ತಾಯಿ.

ಒಂದು ಕೈ ಪೇಟಿಯ ಕರಿ-ಬಿಳಿ ಮನೆಗಳ ಮೇಲೆ, ಇನ್ನೊಂದು ಕೈ ಗಾಳಿ ಹಾಕುವುದರಲ್ಲಿ. ಅಂಗಡಿಯವರು ಕಣ್ಣು ಮುಚ್ಚಿ ತಲೆಯಷ್ಟೇ ಆಡಿಸಿದರು.

"ಹಸರ ಬಣ್ಣದ್ದು ಅದ ಏನ್ರಿ?"

ಮತ್ತೆ ತಲೆ ಆಡಿತು. ಸ್ವಲ್ಪ ಹೊತ್ತು ಕಾದು ಆಕೆ ಮಗಳಿಗೆ ಹೇಳಿದ್ದು ರೆಕಾರ್ಡಿನಲ್ಲಿ ಚೊಕ್ಕಾಗಿ ಕೇಳುತ್ತದೆ: "ಇವರ ಮೈಯಾಗ ದೇವರು ಬಂದದ, ನಡೀ ಬೇ, ಮುಂದಿನ ಅಂಗಡಿ ನೋಡಮು."

ಅಂಗಡಿಯವರು ಅದನ್ನು ಹಾಗೇ ಗುಂಪಿಗೆ ಹಾಕಿ, "ಭೈರವಿ ಹ್ಯಾಂಗಾಗ್ಯದ ಹೇಳ್ರಿ" ಎಂದು ಬರೆದರು. ಸಂಜೆಯ ತನಕ ಮೂರೂ ತಾಲೂಕಿನಿಂದ ಬಂದದ್ದು ಒಂದೇ ಪ್ರಶ್ನೆ: "ಹಸರ ಇತ್ತೇನ್ರಿ?"

ಹಾಡು ಯಾವಾಗ ಸುರು?

ಜೇವರ್ಗಿಯಲ್ಲಿ ನಿವೃತ್ತ ಸಂಗೀತ ಮಾಸ್ತರರಿದ್ದಾರೆ. ಗುಂಪಿನಲ್ಲಿ ಅರ್ಧ ಜನ ಅವರ ಕೈಯಲ್ಲೇ ಕಲಿತವರು. ಗಾಣಗಾಪುರಕ್ಕೆ ನಡೆದುಹೋಗುವ ಭಜನೆಯವರ ಒಂದು ಹಳೆಯ ಧಾಟಿ ಅವರಿಗೆ ಜೀವ. ನಾಲ್ಕೇ ಸಾಲು, ಎಲ್ಲೂ ಅವಸರವಿಲ್ಲ. ಅದನ್ನು ಅವರು ನೂರು ಸಲ ಬಾರಿಸಿದರೂ ಒಂದು ಸ್ವರ ಹೆಚ್ಚಿಗೆ ಹಾಕುತ್ತಿರಲಿಲ್ಲ.

ಅವರ ಶಿಷ್ಯ, ದನದ ದವಾಖಾನೆಯ ಕಂಪೌಂಡರ್, ಭಾರಿ ವೇಗದ ಕೈಯವನು. ಅದೇ ಧಾಟಿಗೆ ತಾನ, ತಿರುವು, ಮುರುವು ಎಲ್ಲ ಸೇರಿಸಿ ಹನ್ನೆರಡು ನಿಮಿಷ ಬಾರಿಸಿ ಹಾಕಿದ. ಗುಂಪು ಎರಡು ಭಾಗವಾಯಿತು. ಅರ್ಧ ಜನ ಭೇಷ್ ಎಂದರು, ಅರ್ಧ ಜನ ಭಜನೆ ಕೆಡಿಸಿದ ಎಂದರು. ನಾನು ಮೊದಲು ಈ ಕಡೆ ಇದ್ದು, ಆಮೇಲೆ ಆ ಕಡೆ ಹೋದೆ. ಕೊನೆಗೆ ಮಾಸ್ತರರು ಬರೆದರು:

"ಬಾಳ ಚಲೋ ಆತು. ಹಾಡು ಯಾವಾಗ ಸುರು ಮಾಡ್ತಿ?"

ಎಲ್ಲರೂ ನಕ್ಕರು. ಕಂಪೌಂಡರ್ ನಗಲಿಲ್ಲ. "ತಮ್ಮ ಕೈ ಓಡದವರಿಗಿ ಓಡೋ ಕೈ ಕಂಡ್ರ ಆಗಂಗಿಲ್ಲ" ಎಂದು ಬರೆದು ಗುಂಪು ಬಿಟ್ಟುಹೋದ. ಊಟದ ಹೊತ್ತಿಗೆ ತಿರುಗಿ ಬಂದ, ಯಾಕೆಂದರೆ ತನ್ನನ್ನು ಯಾರು ಯಾರು ಬೈದರು ಅನ್ನುವುದು ಹೊರಗಿದ್ದರೆ ತಿಳಿಯುವುದಿಲ್ಲ.

ಸಿಗದ ಸುರ

ಅದೇ ತಿಂಗಳು ಮಾಸ್ತರರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಧಾನವಾಯಿತು. ನಾನು ಆ ದಿನ ಅಚ್ಚಿಗೆ ಕೂತವನು ಒಂದು ಪತ್ರಿಕೆಯಲ್ಲೂ ತಪ್ಪು ಹುಡುಕಲಿಲ್ಲ. ಕಂಪೌಂಡರ್ ಅಂತೂ ಮಾಸ್ತರರ ಓಣಿಯಲ್ಲಿ ಹಾಯುವುದನ್ನೇ ಬಿಟ್ಟ. "ನನ್ನ ಮಾತೇ ಹತ್ತಿತ್ರಿ ಅವರಿಗಿ. ಯಾವ ಮಾರಿ ಹೊತ್ಕೊಂಡು ಹೋಗ್ಲಿ?" ಎಂದು ನನಗೆ ಫೋನ್ ಮಾಡಿ ಅಳುತ್ತಿದ್ದ.

ಮಾಸ್ತರರು ಪೇಟಿಯನ್ನು ಆಳಂದದ ರಿಪೇರಿ ಚಾಚಾನ ಹತ್ತಿರ ಕಳಿಸಿ, ಯಾರಿಗಾದರೂ ಕೊಟ್ಟುಬಿಡು ಎಂದರು. ಚಾಚಾ ಕೊಡಲಿಲ್ಲ. ಮಾಸ್ತರರು ಫೋನ್ ಮಾಡಿದಾಗಲೆಲ್ಲ, "ಒಂದು ಸುರ ಬಿಗಡ್ಯದ್ರಿ ಮಾಸ್ತರ್, ಅದರ ಜೋಡಿ ಸಿಗವಲ್ದು" ಎನ್ನುತ್ತಿದ್ದ. ಹೀಗೇ ಎಂಟು ತಿಂಗಳು ಹೋದವು.

ನಾನು ಆಳಂದಕ್ಕೆ ಹೋದಾಗ ಚಾಚಾನ ಅಂಗಡಿಯಲ್ಲಿ ಆ ಪೇಟಿ ಮುಟ್ಟಿ ನೋಡಿದೆ. ಎಲ್ಲ ಸ್ವರವೂ ಗಂಟೆಯ ಹಾಗೆ ನುಡಿದವು.

"ಚಾಚಾ, ಇದಕ್ಕ ಏನ್ ಆಗ್ಯದ?"

"ಪೇಟಿಗಿ ಏನೂ ಆಗಿಲ್ರಿ" ಎಂದ ಚಾಚಾ. "ರಿಪೇರಿ ಮಾಲಕರದು ನಡದದ. ಅವರು ತಯಾರಾದ ಮ್ಯಾಲ ಪೇಟಿ ಒಯ್ದು ಕೊಡ್ತೇನಿ."

ಟಣ್

ಎಡಗೈಯಿಂದಲಾದರೂ ಬಾರಿಸುತ್ತೇನೆ, ಪೇಟಿ ಕಳಿಸು ಎಂದು ಒಂದು ದಿನ ಮಾಸ್ತರರೇ ಚಾಚಾನಿಗೆ ಫೋನ್ ಮಾಡಿದರು. ಆದರೆ ಎಡಗೈಯಿಂದ ಮನೆ ಒತ್ತಿದರೆ ಗಾಳಿ ಹಾಕುವವರು ಯಾರು? ಚಾಚಾ ಪೇಟಿಯ ಹಿಂದಿನ ತಿದಿಗೆ ಒಂದು ಕಟ್ಟಿಗೆಯ ಹಿಡಿ ಕೂಡಿಸಿ, ಎದುರಿಗೆ ಕೂತವರು ಗಾಳಿ ಹಾಕುವಂತೆ ಮಾಡಿ, ಜೇವರ್ಗಿಗೆ ಮುಟ್ಟಿಸಿ ಬಂದ. ಎಂಟು ದಿನದ ಮೇಲೆ ಮಾಸ್ತರರ ರೆಕಾರ್ಡ್ ಗುಂಪಿಗೆ ಬಂತು. ಅದೇ ಧಾಟಿ, ನಿಧಾನ. ನನ್ನ ಕಣ್ಣು ತುಂಬಿದವು. ಕೊನೆಯ ಸಾಲು ಇನ್ನೇನು ಷಡ್ಜಕ್ಕೆ, ನಮ್ಮ ಸಾ ಸ್ವರಕ್ಕೆ, ಬಂದು ಮುಟ್ಟಬೇಕು, ಅಷ್ಟರಲ್ಲಿ ಸದ್ದು ಸೊರಗಿ ನಿಂತೇಹೋಯಿತು. ಆಮೇಲೆ ದೂರದಲ್ಲಿ ಒಂದು ಟಣ್.

ಮೂರು ದಿನ ಚರ್ಚೆ ನಡೆಯಿತು. ಸಾ ಬಾರಿಸದೆಯೇ ಕೇಳಿಸುವಂತೆ ಮಾಡಿದ್ದಾರೆ ಎಂದರು ಅಂಗಡಿಯವರು. ಆ ಟಣ್ ತಾಳದ್ದು, ಸಂಸಾರ ಬಿಟ್ಟು ಹೋಗುವುದನ್ನು ತೋರಿಸುತ್ತದೆ ಎಂದು ನಾನು ಉದ್ದಕ್ಕೆ ಬರೆದೆ. ಐದಾರು ಜನ ಹಾಗೇ ಅರ್ಧಕ್ಕೆ ನಿಲ್ಲಿಸಿ, ತಾಟು ಬಡಿದು, ರೆಕಾರ್ಡ್ ಹಾಕಿದರು. ನಾನೂ ಹಾಕಿದೆ.

ಕಂಪೌಂಡರನನ್ನು ಹಿಡಿದೆಳೆದುಕೊಂಡೇ ಮಾಸ್ತರರ ಮನೆಗೆ ಹೋದೆ. ಬಾಗಿಲಲ್ಲೇ ನಿಂತ ಅವನು. ನಾನು ಕೈಮುಗಿದು, "ಮಾಸ್ತರ್, ಆ ಕೊನೀಗಿ ನಿಲ್ಲಿಸಿದ್ದು..." ಎಂದೆ. ಮಾಸ್ತರರು ಹೆಂಡತಿಯ ಮುಖ ನೋಡಿದರು.

"ನಾನೇ ಗಾಳಿ ಹಾಕಾಕತ್ತಿದ್ದೆ" ಎಂದರು ಆಕೆ. "ಹಾಲು ಉಕ್ಕಾಕತ್ತಿತ್ತು, ಎದ್ದು ಓಡಿದೆ."

"ಮತ್ತ ಆ ಟಣ್, ಅಕ್ಕಾರ?"

"ಇಕ್ಕಳ ಬಿತ್ರಿ."

ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕೂತೆ. ಮಾಸ್ತರರು ಬಾಗಿಲ ಕಡೆ ತಿರುಗಿ ಒಂದೊಂದೇ ಮಾತು ಕೂಡಿಸಿ ಹೇಳಿದರು: "ನಿನ್ನ ಕೈ ಬಾಳ ಓಡ್ತದ. ಬಾ, ಗಾಳಿ ಹಾಕು."

ಕಂಪೌಂಡರ್ ಬಂದು ಎದುರಿಗೆ ಕೂತ. ಹೆಂಡತಿ ರೊಟ್ಟಿ ಬಡಿಯಲು ಒಳಗೆ ಹೋದರು. ಮಾಸ್ತರರ ಎಡಗೈ ನಾಲ್ಕೂ ಸಾಲು ದಾಟಿ, ಷಡ್ಜಕ್ಕೆ ಬಂದು ಮುಟ್ಟಿತು. ಅಲ್ಲೇ ನಿಂತಿತು. ತಪ್ಪಾಯಿತು ಎನ್ನುವ ಬದಲು ಕಂಪೌಂಡರ್ ಕಣ್ಣೀರು ಒರೆಸಿಕೊಳ್ಳದೆ ಗಾಳಿ ಹಾಕುತ್ತಲೇ ಇದ್ದ. ಗಾಳಿ ಬರುತ್ತಿರುವ ತನಕ ಮಾಸ್ತರರೂ ಬೆರಳು ಎತ್ತಲಿಲ್ಲ. ಒಂದೇ ಸ್ವರ ಮನೆ ತುಂಬ ನಿಂತುಬಿಟ್ಟಿತು, ನಿಲ್ಲಿಸಿ ಎನ್ನಲು ನನಗೂ ಮನಸ್ಸು ಬರಲಿಲ್ಲ.

ಒಳಗಿನಿಂದ ಮಾಸ್ತರರ ಹೆಂಡತಿಯ ದನಿ ಬಂತು:

"ಇಬ್ಬರಾಗ ಒಬ್ಬರರ ಬಿಡ್ರಿ, ರೊಟ್ಟಿ ಆರಾಕತ್ತಾವ!"